20 ಆಟದಲ್ಲಿ 12 ಗೆದ್ದರೆ ಎಂಜಿನ್ ಸುಧಾರಿಸಿದೆ ಅಂತನಾ?

ಪ್ರಶ್ನೆ: ನಾನು ಎಂಜಿನಿಯರಿಂಗ್ ಮೂರನೇ ವರ್ಷದಲ್ಲಿ ಓದುತ್ತಿದ್ದೇನೆ. ಹೋದ ವರ್ಷದಿಂದ ಸಿ++ನಲ್ಲಿ ಒಂದು ಚೆಸ್ ಎಂಜಿನ್, ಅಂದರೆ ತಾನೇ ಚೆಸ್ ಆಡುವ ಪ್ರೋಗ್ರಾಂ, ಬರೆಯುತ್ತಿದ್ದೇನೆ. ಆಲ್ಫಾ-ಬೀಟಾ (ಬೇಡದ ನಡೆಸಾಲು ಬಿಟ್ಟು ಹುಡುಕುವುದು), ಕ್ವಯೆಸೆನ್ಸ್ ಸರ್ಚ್ (ಹೊಡೆದಾಟ ಮುಗಿಯುವವರೆಗೆ ನೋಡುವುದು), ಹ್ಯಾಶ್ ಟೇಬಲ್ (ಒಮ್ಮೆ ನೋಡಿದ ಸ್ಥಿತಿಯ ಅಂಕ ಬರೆದಿಡುವ ಪಟ್ಟಿ) ಎಲ್ಲ ಇದೆ. ನಮ್ಮ ಹಾಸ್ಟೆಲ್‌ನಲ್ಲಿ ಅದನ್ನು ಸೋಲಿಸಿದವರಿಲ್ಲ. ಹೊಸದೇನಾದರೂ ಸೇರಿಸಿದರೆ ಹಳೆಯ ಆವೃತ್ತಿಯ ಜೊತೆ 20 ಆಟ ಆಡಿಸುತ್ತೇನೆ, ನಡೆಗೆ ಒಂದು ಸೆಕೆಂಡ್. 12-8, 11-9 ಹೀಗೆ ಗೆದ್ದರೆ ಬದಲಾವಣೆ ಇಟ್ಟುಕೊಳ್ಳುತ್ತೇನೆ. ಹೀಗೆ ಹದಿನೈದು ಬದಲಾವಣೆ ಆಯಿತು. ಮೊನ್ನೆ ಸುಮ್ನೆ ನಾಲ್ಕು ತಿಂಗಳ ಹಿಂದಿನ ಆವೃತ್ತಿ ತೆಗೆದು ಆಡಿಸಿದರೆ, ಈಗಿನದು ಅದರ ಎದುರು ಸೋಲುತ್ತಿದೆ! ಇನ್ನೊಂದು ವಿಚಿತ್ರ: ಎರಡು ಆನೆ ಜಾಸ್ತಿ ಇದ್ದಾಗಲೂ ಮೇಟ್ ಮಾಡದೆ ಅತ್ತಿತ್ತ ಓಡಾಡಿ ಡ್ರಾ ಮಾಡಿಕೊಳ್ಳುತ್ತದೆ. ತಪ್ಪು ಎಲ್ಲಿದೆ? ಇದನ್ನೆಲ್ಲ ಬಿಟ್ಟು ನ್ಯೂರಲ್ ನೆಟ್‌ವರ್ಕ್ ಹಾಕುವುದೇ ಒಳ್ಳೆಯದಾ?

ಉತ್ತರ: ಒಂದು ನಾಣ್ಯ ತೆಗೆದುಕೊಂಡು 20 ಸಲ ಚಿಮ್ಮಿ. ಹೆಡ್ಸ್ 12 ಸಲ ಅಥವಾ ಅದಕ್ಕಿಂತ ಜಾಸ್ತಿ ಬೀಳುವ ಸಾಧ್ಯತೆ ಶೇ. 25. ನಾಲ್ಕು ಸಲ ಪ್ರಯತ್ನಿಸಿದರೆ ಸರಾಸರಿ ಒಂದು ಸಲ ಹಾಗಾಗುತ್ತದೆ ಅಂದುಕೊಳ್ಳಿ. ನಾಣ್ಯದಲ್ಲಿ ಯಾರೂ ಏನೂ ಸುಧಾರಿಸಿಲ್ಲ. ನಿಮ್ಮ ಎಂಜಿನ್‌ನಲ್ಲೂ ಹದಿನೈದರಲ್ಲಿ ಎಷ್ಟೋ ಸಲ ಹಾಗೇ ಆಗಿದೆ ಅಂತ ನನ್ನ ಅನುಮಾನ.

ನಂಬಿಕೆ ಬರದಿದ್ದರೆ ಒಂದು ಪ್ರಯೋಗ ಮಾಡಿ. ಈಗಿನ ಎಂಜಿನ್ ಫೈಲನ್ನೇ ಇನ್ನೊಂದು ಹೆಸರಿನಲ್ಲಿ ಕಾಪಿ ಮಾಡಿ, ಎರಡನ್ನೂ 20 ಆಟ ಆಡಿಸಿ. ಹತ್ತು ಸಲ ಹೀಗೆ ಮಾಡಿ. ಅದರಲ್ಲಿ ಕೆಲವು ಸಲ ಕಾಪಿ 12-8ರಲ್ಲಿ ಗೆದ್ದಿರುತ್ತದೆ. ಅದನ್ನು ನೋಡಿದ ಮೇಲೆ ನೀವು ಮತ್ತೆ 20 ಆಟದ ಫಲಿತಾಂಶ ನಂಬುವುದಿಲ್ಲ.

ಲೆಕ್ಕದಲ್ಲೇ ಹೇಳುವುದಾದರೆ, 12-8 ಅಂದರೆ ಶೇ. 60 ಅಂಕ, ಸುಮಾರು 70 ಎಲೋ (ಆಟದ ಬಲ ಅಳೆಯುವ ಅಂಕ) ಮೇಲು. ಕೇಳಲು ಚೆನ್ನಾಗಿದೆ. ಆದರೆ 20 ಆಟಕ್ಕೆ ಆ ಸಂಖ್ಯೆಯ ಅಕ್ಕಪಕ್ಕದ ಅನಿಶ್ಚಿತತೆ ಎಷ್ಟು ದೊಡ್ಡದು ಅಂದರೆ, ಹೊಸ ಆವೃತ್ತಿ 60 ಎಲೋ ಕೆಳಗಿರಬಹುದು, 200 ಎಲೋ ಮೇಲೂ ಇರಬಹುದು. ಏನೂ ಹೇಳದ ಹಾಗೇ ಆಯಿತು, ಅಲ್ವಾ? 100 ಆಟ ಆಡಿಸಿದರೆ ಈ ಅನಿಶ್ಚಿತತೆ ಎರಡೂ ಕಡೆ 55ರಿಂದ 60 ಎಲೋಗೆ ಇಳಿಯುತ್ತದೆ. 1,000 ಆಟಕ್ಕೆ 18ರ ಹತ್ತಿರ. 10,000 ಆಟಕ್ಕೆ ಐದಾರು. ಅನಿಶ್ಚಿತತೆ ಅರ್ಧ ಆಗಬೇಕಾದರೆ ಆಟ ನಾಲ್ಕು ಪಟ್ಟು ಬೇಕು. ಇದಕ್ಕೆ ಅಡ್ಡದಾರಿ ಇಲ್ಲ.

ನೀವು ಸೇರಿಸಿದ್ದು ಎಂಥ ಬದಲಾವಣೆಗಳು ಅಂತ ಬರೆದಿಲ್ಲ. ಆದರೆ ಊಹಿಸಬಲ್ಲೆ. ಕುದುರೆ ಬೋರ್ಡಿನ ಅಂಚಿಗೆ ಹೋದರೆ ಇಷ್ಟು ಅಂಕ ಕಳೆ, ಎರಡು ಒಂಟೆ ಉಳಿದಿದ್ದರೆ ಇಷ್ಟು ಕೂಡು, ಇಂಥವೇ ತಾನೆ? ಇವು ಕೊಡುವುದು ಹೆಚ್ಚೆಂದರೆ ಐದೋ ಹತ್ತೋ ಎಲೋ. 10 ಎಲೋ ಅಂದರೆ 50ರ ಬದಲು ಶೇ. 51.4 ಅಂಕ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುತಿ ತೂಗಿದ ಹಾಗೆ ಆಗಿದೆ ನಿಮ್ಮ ಕೆಲಸ. ಮೇಲಾಗಿ ಪ್ರತಿಯೊಂದು ಹೊಸ ಲೆಕ್ಕವೂ ಎಂಜಿನ್ನನ್ನು ಚೂರು ನಿಧಾನ ಮಾಡುತ್ತದೆ. ಲಾಭವಿಲ್ಲದ ಹತ್ತು ಬದಲಾವಣೆ ಸೇರಿದರೆ ಅದೇ ಸಮಯದಲ್ಲಿ ನೋಡುವ ಆಳ ಕಡಿಮೆಯಾಗುತ್ತದೆ. ಹಳೆಯದರ ಎದುರು ಸೋಲುವುದಕ್ಕೆ ಇಷ್ಟೇ ಸಾಕು.

ಹಾಸ್ಟೆಲ್‌ನಲ್ಲಿ ಯಾರೂ ಸೋಲಿಸಿಲ್ಲ ಅನ್ನುವುದನ್ನು ಮರೆತುಬಿಡಿ. ನಾಲ್ಕು ಪ್ಲೈ (ಒಬ್ಬರ ಒಂದು ನಡೆ ಅಂದರೆ ಒಂದು ಪ್ಲೈ) ಮುಂದೆ ನೋಡಿ, ಕಾಯಿ ಬಿಟ್ಟುಕೊಡದ ಎಂಜಿನ್ ಸಾಕು ನಮ್ಮ ನಿಮ್ಮಂಥವರನ್ನು ಸೋಲಿಸಲು.

ಆದರೆ ಟೆಸ್ಟಿಂಗ್ ಸರಿಮಾಡುವ ಮೊದಲು ಎಂಜಿನ್ ನಿಯಮ ಪಾಲಿಸುತ್ತಿದೆಯಾ ನೋಡಬೇಕು. ಪರ್ಫ್ಟ್ ಮಾಡಿದ್ದೀರಾ? ನಿಮ್ಮ ಪತ್ರದಲ್ಲಿ ಆ ಮಾತೇ ಇಲ್ಲ. ಒಂದು ಸ್ಥಿತಿಯಿಂದ ಇಷ್ಟು ಆಳದವರೆಗೆ ಒಟ್ಟು ಎಷ್ಟು ನಡೆಸಾಲು ಸಾಧ್ಯ ಅಂತ ಎಣಿಸುವುದೇ ಪರ್ಫ್ಟ್. ಸರಿಯಾದ ಉತ್ತರ ಎಲ್ಲರಿಗೂ ಗೊತ್ತಿದೆ. ಆಟದ ಮೊದಲ ಸ್ಥಿತಿಯಿಂದ 20, 400, 8,902, 1,97,281, 48,65,609, ಆರನೇ ಆಳಕ್ಕೆ 11,90,60,324. ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

ಹೆಚ್ಚಿನವರು ಇಲ್ಲಿ ಎಡವುತ್ತಾರೆ. ಆರನೇ ಆಳದ ಸಂಖ್ಯೆ ಸರಿ ಬಂತು, ಮುಗಿಯಿತು ಅಂತ ಎದ್ದುಬಿಡುತ್ತಾರೆ. ಯೋಚಿಸಿ ನೋಡಿ: ಮೊದಲ ಸ್ಥಿತಿಯಿಂದ ಕ್ಯಾಸ್ಲಿಂಗ್ (ರಾಜ, ಆನೆ ಒಂದೇ ನಡೆಯಲ್ಲಿ ಒಟ್ಟಿಗೆ ಸರಿಯುವುದು) ಮಾಡಲು ಬಿಳಿಯವರಿಗೆ ಕನಿಷ್ಠ ನಾಲ್ಕನೇ ನಡೆ ಬೇಕು. ಅಂದರೆ ಏಳನೇ ಪ್ಲೈ. ಕಾಲಾಳಿಗೆ ಬಡ್ತಿ ಸಿಗುವುದು ಒಂಬತ್ತನೇ ಪ್ಲೈಗೆ. ಹಾಗಾಗಿ ನಿಮ್ಮ ಕೋಡಿನಲ್ಲಿ ಕ್ಯಾಸ್ಲಿಂಗ್ ಪೂರ್ತಿ ತಪ್ಪಿದ್ದರೂ 11,90,60,324 ಸರಿಯಾಗಿಯೇ ಬರುತ್ತದೆ! ಅದಕ್ಕೇ ಕಿವಿಪೀಟ್ ಅನ್ನುವ ಹೆಸರಾಂತ ಸ್ಥಿತಿ ಇದೆ. ಕ್ಯಾಸ್ಲಿಂಗ್, ಎನ್ ಪಾಸಾಂಟ್ (ಎರಡು ಮನೆ ಹಾರಿ ಪಕ್ಕಕ್ಕೆ ಬಂದ ಕಾಲಾಳನ್ನು, ಅದು ಒಂದೇ ಮನೆ ಸರಿದ ಹಾಗೆ ಹೊಡೆಯುವುದು), ಕಟ್ಟಿಬಿದ್ದ ಕಾಯಿ (ಸರಿದರೆ ತನ್ನ ರಾಜನಿಗೆ ಚೆಕ್ ಬೀಳುವಂಥದ್ದು) ಎಲ್ಲ ಅದರಲ್ಲಿ ಕಿಕ್ಕಿರಿದಿವೆ. ಅಲ್ಲಿ 48, 2,039, 97,862, 40,85,603 ಬರಬೇಕು. ಆನೆ ತನ್ನ ಮನೆಯಲ್ಲೇ ಹೊಡೆಸಿಕೊಂಡ ಮೇಲೂ ಕ್ಯಾಸ್ಲಿಂಗ್ ಹಕ್ಕನ್ನು ಹಾಗೇ ಬಿಟ್ಟಿದ್ದರೆ ಇಲ್ಲಿ ಸಿಕ್ಕಿಬೀಳುತ್ತೀರಿ.

ನನಗೆ ಇಷ್ಟವಾದ ಸ್ಥಿತಿ ಇನ್ನೊಂದು. ಕಾಯಿ ಕಡಿಮೆ, ಕುತಂತ್ರ ಜಾಸ್ತಿ. ಬಿಳಿ ರಾಜ ಎ5ರಲ್ಲಿ, ಆನೆ ಬಿ4ರಲ್ಲಿ, ಕಾಲಾಳುಗಳು ಬಿ5, ಇ2, ಜಿ2. ಕಪ್ಪು ರಾಜ ಎಚ್4, ಆನೆ ಎಚ್5, ಕಾಲಾಳುಗಳು ಸಿ7, ಡಿ6, ಎಫ್4. ಬಿಳಿಯವರ ಸರದಿ. ಬೋರ್ಡ್ ಮೇಲೆ ಜೋಡಿಸಿಕೊಂಡೇ ನೋಡಿ. ಬಿಳಿ ಇ2 ಕಾಲಾಳನ್ನು ಇ4ಗೆ ತಳ್ಳಿತು. ಈಗ ಕಪ್ಪಿನ ಎಫ್4 ಕಾಲಾಳು ಎನ್ ಪಾಸಾಂಟ್ ಹೊಡೆಯಬಹುದಾ? ಹೊಡೆದರೆ ನಾಲ್ಕನೇ ಸಾಲಿನಿಂದ ಎರಡು ಕಾಲಾಳು ಒಟ್ಟಿಗೆ ಮಾಯ: ಹೊಡೆದದ್ದೂ ಹೋಯಿತು, ಹೊಡೆಸಿಕೊಂಡದ್ದೂ ಹೋಯಿತು. ಬಿ4ರ ಆನೆಗೆ ಎಚ್4ರ ರಾಜ ನೇರ ಕಾಣುತ್ತಾನೆ. ಹಾಗಾಗಿ ಆ ನಡೆ ನಿಯಮಕ್ಕೆ ವಿರುದ್ಧ. ಕಟ್ಟಿಬಿದ್ದ ಕಾಯಿಯನ್ನು ಹುಡುಕುವ ಮಾಮೂಲಿ ಕೋಡು ರಾಜನಿಗೂ ಆನೆಗೂ ನಡುವೆ ಒಂದೇ ಕಾಯಿ ಇದೆಯಾ ಅಂತ ನೋಡುತ್ತದೆ. ಇಲ್ಲಿ ಎರಡಿವೆ. ಅದು ಮೋಸ ಹೋಗುತ್ತದೆ. ಬಿಳಿ ಜಿ4 ಆಡಿದರೂ ಇದೇ ಕತೆ. ಹಾಗಾಗಿ ಎರಡನೇ ಆಳದಲ್ಲಿ ಬರಬೇಕಾದ 191ರ ಬದಲು 193 ಬರುತ್ತದೆ. ನಿಮಗೆ 193 ಬಂದರೆ ಎಲ್ಲಿ ನೋಡಬೇಕು ಅಂತ ಈಗ ಗೊತ್ತು.

ಇನ್ನು ಮೇಟ್ ಮಾಡದೆ ಓಡಾಡುವ ವಿಷಯ. ಇದನ್ನು ಓದಿ ನಗು ಬಂತು, ಯಾಕೆಂದರೆ ನಾನೂ ಇದನ್ನು ಅನುಭವಿಸಿದ್ದೇನೆ. ನಮ್ಮ ಹಳ್ಳಿಗಳಲ್ಲಿ ದೆವ್ವ ಬರದಿರಲಿ ಅಂತ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ನಿಮ್ಮ ಎಂಜಿನ್ ಮೇಟ್‌ಗೆ ಹಾಗೇ ಹೇಳುತ್ತಿದೆ. ಇವತ್ತು ಮೇಟ್ ಮಾಡಬಹುದು. ನಾಳೆಯೂ ಮಾಡಬಹುದು. ಎರಡಕ್ಕೂ ಒಂದೇ ಅಂಕ. ಹಾಗಾದರೆ ಇವತ್ತೇ ಯಾಕೆ?

ಕಾರಣ ಎರಡರಲ್ಲಿ ಒಂದು. ಮೇಟ್ ಆದ ಸ್ಥಿತಿಗೆ ಬರೀ ಮೈನಸ್ 30000 ಕೊಡುತ್ತಿದ್ದರೆ, ಅದಕ್ಕೆ ಪ್ಲೈ ಸಂಖ್ಯೆಯನ್ನು ಕೂಡಿಸಬೇಕು. ಆಗ ಬೇಗ ಬರುವ ಮೇಟ್‌ಗೆ ಜಾಸ್ತಿ ಬೆಲೆ. ಇದನ್ನು ನೀವು ಮಾಡಿಯೇ ಇರುತ್ತೀರಿ. ಎರಡನೆಯದು ಹ್ಯಾಶ್ ಟೇಬಲ್, ನನ್ನ ಗುಮಾನಿ ಅದರ ಮೇಲೇ.

ಒಂದು ಉದಾಹರಣೆ ನೋಡಿ. ಎರಡನೇ ಪ್ಲೈನಲ್ಲಿ ಒಂದು ಸ್ಥಿತಿ ಬಂತು, ಅಲ್ಲಿಂದ ಮೂರು ಪ್ಲೈಗೆ ಮೇಟ್. ಬೇರಿನಿಂದ, ಅಂದರೆ ಹುಡುಕಾಟ ಶುರುವಾದ ಸ್ಥಿತಿಯಿಂದ, ಎಣಿಸಿದರೆ ಐದನೇ ಪ್ಲೈ, ಅಂಕ 29995. ಅದನ್ನೇ ಟೇಬಲ್‌ಗೆ ಬರೆದಿರಿ. ಆಮೇಲೆ ಎಂಜಿನ್ ಇನ್ನೊಂದು ಸುತ್ತುದಾರಿಯಲ್ಲಿ ಹೋಗಿ ಅದೇ ಸ್ಥಿತಿಯನ್ನು ಆರನೇ ಪ್ಲೈನಲ್ಲಿ ಕಂಡಿತು. ಅಲ್ಲಿಂದ ಮೇಟ್ ಒಂಬತ್ತನೇ ಪ್ಲೈಗೆ, ಅಂಕ 29991 ಆಗಬೇಕು. ಟೇಬಲ್ ಮಾತ್ರ 29995 ಅನ್ನುತ್ತದೆ. ಸುತ್ತುದಾರಿಯೂ ನೇರದಾರಿಯಷ್ಟೇ ಹತ್ತಿರ ಅಂತ ಎಂಜಿನ್ ನಂಬಿತು. ಓಡಾಟ ಶುರು.

ಪರಿಹಾರ ಎರಡು ಸಾಲು. ಬರೆಯುವಾಗ ಗೆಲುವಿನ ಮೇಟ್ ಅಂಕಕ್ಕೆ ಆಗಿನ ಪ್ಲೈ ಕೂಡಿಸಿ: 29995ಕ್ಕೆ 2 ಸೇರಿ 29997, ಅಂದರೆ ‘ಈ ಸ್ಥಿತಿಯಿಂದ ಮೂರು ಪ್ಲೈ’. ಓದುವಾಗ ಆಗಿನ ಪ್ಲೈ ಕಳೆಯಿರಿ: 29997ರಲ್ಲಿ 6 ಹೋದರೆ 29991. ಸರಿಹೋಯಿತು. ಸೋಲುವ ಮೇಟ್‌ಗೆ ಇದರ ಉಲ್ಟಾ. ಹಾಗೇ, ಸ್ಥಿತಿ ಮರುಕಳಿಸಿದೆಯಾ ಅಂತ ನೋಡುವ ಕೋಡು ಹ್ಯಾಶ್ ಟೇಬಲ್ ನೋಡುವುದಕ್ಕಿಂತ ಮೊದಲು ಇರಲಿ. ಟೇಬಲ್‌ಗೆ ಹಿಂದಿನ ಆಟ ನೆನಪಿರುವುದಿಲ್ಲ, ಇದು ಎರಡು ಸಲ ಬಂದ ಸ್ಥಿತಿ ಅಂತ ಅದಕ್ಕೆ ಗೊತ್ತಾಗುವುದಿಲ್ಲ.

ಇನ್ನೊಂದು ಸಣ್ಣ ಟೆಸ್ಟ್ ಇದೆ, ಹತ್ತು ನಿಮಿಷದ ಕೆಲಸ. ಬೋರ್ಡನ್ನು ತಲೆಕೆಳಗು ಮಾಡಿ, ಬಿಳಿ-ಕಪ್ಪು ಅದಲುಬದಲು ಮಾಡಿ, ಸರದಿಯನ್ನೂ ಬದಲಿಸಿ. ಮೌಲ್ಯಮಾಪನದ ಅಂಕ (ಸರದಿಯವರ ಕಡೆಯಿಂದ ನೋಡಿ ಸ್ಥಿತಿಗೆ ಎಂಜಿನ್ ಕೊಡುವ ಅಂಕ) ಒಂದೇ ಬರಬೇಕು. ಸಾವಿರ ಸ್ಥಿತಿಗಳ ಮೇಲೆ ಓಡಿಸಿ. ನನ್ನ ಎಂಜಿನ್‌ನಲ್ಲಿ ಮುಂದೆ ತಡೆಯಿಲ್ಲದ ಕಾಲಾಳಿಗೆ ಕೊಡುವ ಬಹುಮಾನವನ್ನು ಕಪ್ಪಿನ ಪರವಾಗಿ ಲೆಕ್ಕ ಹಾಕುವಾಗ ಸಾಲಿನ ಸಂಖ್ಯೆ ತಿರುಗಿಸುವುದನ್ನೇ ಮರೆತಿದ್ದೆ. ಕಪ್ಪಿನಲ್ಲಿ ಆಡುವಾಗ ಕಾಲಾಳು ಮುಂದೆ ಹೋದಷ್ಟೂ ಎಂಜಿನ್‌ಗೆ ಬೇಜಾರು! ತಿಂಗಳುಗಟ್ಟಲೆ ಅದನ್ನು ‘ಎಚ್ಚರಿಕೆಯ ಶೈಲಿ’ ಅಂದುಕೊಂಡಿದ್ದೆ. ಕಣ್ಣಿನಿಂದ ಆಟ ನೋಡಿ ತೀರ್ಮಾನ ಮಾಡಿದರೆ ಹೀಗಾಗುತ್ತದೆ.

ಇವಿಷ್ಟು ಸರಿಯಾದ ಮೇಲೆ ಪಂದ್ಯಕ್ಕೆ ಬನ್ನಿ. ನಿಮ್ಮ ಎಂಜಿನ್ ಯುಸಿಐ (ಬೇರೆ ಪ್ರೋಗ್ರಾಂಗಳ ಜೊತೆ ಎಂಜಿನ್‌ಗಳು ಬಳಸುವ ಭಾಷೆ) ಮಾತಾಡುತ್ತದೆ ಅಂದುಕೊಳ್ಳುತ್ತೇನೆ. ಎಂಜಿನ್‌ಗಳ ನಡುವೆ ಪಂದ್ಯ ನಡೆಸುವ ಕ್ಯೂಟ್‌ಚೆಸ್ ಅಥವಾ ಫಾಸ್ಟ್‌ಚೆಸ್ ಹಾಕಿಕೊಳ್ಳಿ, ಎರಡೂ ಉಚಿತ. ಯಾವಾಗಲೂ ಮೊದಲ ಸ್ಥಿತಿಯಿಂದಲೇ ಆಡಿಸಬೇಡಿ. ಎರಡು ಎಂಜಿನ್‌ಗಳೂ ಹೇಳಿದ್ದನ್ನೇ ಹೇಳುವ ಗಿಳಿಗಳು. ನಿಮ್ಮ 20 ಆಟದಲ್ಲಿ ಎಷ್ಟೋ ಆಟ ಮೊದಲ ಹತ್ತು ಹದಿನೈದು ನಡೆ ಒಂದೇ ಆಗಿರುತ್ತವೆ. ಪಂದ್ಯದ ಫೈಲ್ ತೆರೆದು ನೋಡಿ ಬೇಕಾದರೆ. ಸಾವಿರಾರು ಓಪನಿಂಗ್ ಇರುವ ಪುಸ್ತಕದ ಫೈಲ್ ಕೊಡಿ. ಪ್ರತಿ ಓಪನಿಂಗನ್ನೂ ಎರಡು ಸಲ ಆಡಿಸಿ, ಬಣ್ಣ ಬದಲಿಸಿ. ಆಗ ಒಂದು ಕಡೆಗೆ ವಾಲಿದ ಓಪನಿಂಗ್ ಬಂದರೂ ಇಬ್ಬರಿಗೂ ಅದು ಸಮ.

ನಡೆಗೆ ಒಂದು ಸೆಕೆಂಡ್ ಬಿಟ್ಟು, ಇಡೀ ಆಟಕ್ಕೆ 8 ಸೆಕೆಂಡ್, ಜೊತೆಗೆ ಪ್ರತಿ ನಡೆಗೆ 0.08 ಸೆಕೆಂಡ್ ಕೊಡಿ. ಇಷ್ಟು ಬೇಗ ಆಡಿದರೆ ಆಟ ಕೆಟ್ಟದಾಗಿರಲ್ವಾ ಅಂತೀರಿ. ಇರಲಿ, ಎರಡೂ ಕಡೆ ಅಷ್ಟೇ ಕೆಟ್ಟದಾಗಿರುತ್ತದೆ. ನಮಗೆ ಬೇಕಿರುವುದು ವ್ಯತ್ಯಾಸ. ಒಂದು ಆಟ ಹೆಚ್ಚುಕಡಿಮೆ ಅರ್ಧ ನಿಮಿಷಕ್ಕೆ ಮುಗಿಯುತ್ತದೆ. ನಾಲ್ಕು ಆಟ ಒಟ್ಟಿಗೆ ಓಡಿಸಿದರೆ ಗಂಟೆಗೆ 480, ನೀವು ಮಲಗಿ ಏಳುವ ಎಂಟು ಗಂಟೆಯಲ್ಲಿ ನಾಲ್ಕು ಸಾವಿರದ ಹತ್ತಿರ. ಒಟ್ಟಿಗೆ ಓಡುವ ಆಟಗಳ ಸಂಖ್ಯೆ ಪ್ರೊಸೆಸರ್‌ನ ನಿಜವಾದ ಕೋರ್‌ಗಳಿಗಿಂತ ಕಡಿಮೆಯೇ ಇರಲಿ. ಹೊಸ ಲ್ಯಾಪ್‌ಟಾಪ್‌ಗಳಲ್ಲಿ ವೇಗದ ಕೋರ್, ನಿಧಾನದ ಕೋರ್ ಅಂತ ಎರಡು ಜಾತಿ ಇರುತ್ತವೆ. ಒಂದು ಎಂಜಿನ್ ಪಾಪ ನಿಧಾನದ ಕೋರ್‌ಗೆ ಸಿಕ್ಕಿಕೊಂಡರೆ ಅದರದೇನು ತಪ್ಪು? ಪಂದ್ಯ ಮುಗಿದ ಮೇಲೆ ಎಷ್ಟು ಆಟ ಸಮಯ ಮೀರಿ ಸೋತವು ಅಂತ ತಪ್ಪದೆ ನೋಡಿ. ಅಲ್ಲಿ ದೊಡ್ಡ ಸಂಖ್ಯೆ ಇದ್ದರೆ ನೀವು ಅಳೆದದ್ದು ಚೆಸ್ ಅಲ್ಲ, ಗಡಿಯಾರದ ಕೋಡು.

ಎಷ್ಟು ಆಟ ಆಡಿಸಬೇಕು ಅನ್ನುವುದಕ್ಕೆ ಎಸ್‌ಪಿಆರ್‌ಟಿ ಅನ್ನುವ ವಿಧಾನ ಬಳಸಿ. ಮೊದಲೇ ಎರಡು ಸಂಖ್ಯೆ ಕೊಡುತ್ತೀರಿ, 0 ಮತ್ತು 10 ಅಂತಿಟ್ಟುಕೊಳ್ಳಿ. ಆಟ ಮುಗಿದ ಹಾಗೆಲ್ಲ ಅದು ಕೇಳುತ್ತದೆ: ಈವರೆಗಿನ ಫಲಿತಾಂಶ 0 ಎಲೋ ಅನ್ನುವುದಕ್ಕೆ ಹತ್ತಿರವೋ, 10 ಎಲೋ ಅನ್ನುವುದಕ್ಕೆ ಹತ್ತಿರವೋ? ಒಂದು ಅಂಕೆ ಮೇಲೆ ಕೆಳಗೆ ಆಡುತ್ತಿರುತ್ತದೆ. ಪ್ಲಸ್ 2.94 ಮುಟ್ಟಿದರೆ ಬದಲಾವಣೆ ಪಾಸ್, ಮೈನಸ್ 2.94 ಮುಟ್ಟಿದರೆ ಫೇಲ್. ಎರಡೂ ಕಡೆ ತಪ್ಪುವ ಸಾಧ್ಯತೆ ಶೇ. 5. ದೊಡ್ಡ ಲಾಭ ಇದ್ದರೆ ಕೆಲವೇ ನೂರು ಆಟಕ್ಕೆ ನಿಲ್ಲುತ್ತದೆ, ಸಂಶಯ ಇದ್ದರೆ ಸಾವಿರಾರು ಆಟ ಎಳೆಯುತ್ತದೆ. ಈ ಲೆಕ್ಕದ ಹಿಂದಿರುವವರು ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್. ಎರಡನೇ ಮಹಾಯುದ್ಧದ ಕಾಲದಲ್ಲಿ, ಕಮ್ಮಿ ಮಾದರಿ ನೋಡಿ ಮಾಲಿನ ಗುಣಮಟ್ಟ ತೀರ್ಮಾನಿಸುವುದು ಹೇಗೆ ಅಂತ ಹುಡುಕುತ್ತಾ ಅವರು ಇದನ್ನು ಕಂಡುಕೊಂಡರು. 1950ರ ಡಿಸೆಂಬರ್‌ನಲ್ಲಿ ಉಪನ್ಯಾಸ ಕೊಡಲು ಭಾರತಕ್ಕೆ ಬಂದಿದ್ದಾಗ ನಮ್ಮ ಪಕ್ಕದ ನೀಲಗಿರಿ ಬೆಟ್ಟದಲ್ಲಿ ವಿಮಾನ ಬಿದ್ದು ತೀರಿಕೊಂಡರು. ಪ್ರತಿ ಸಲ ಟೆಸ್ಟ್ ಹಾಕುವಾಗ ನನಗೆ ಅದು ನೆನಪಾಗುತ್ತದೆ.

ಒಂದು ಎಚ್ಚರಿಕೆ. ನಡುವೆ ಎದ್ದು ನೋಡಿ, ‘ಮುಂದಿದೆ, ಸಾಕು’ ಅಂತ ನಿಲ್ಲಿಸಬೇಡಿ. ಇಸ್ಪೀಟು ಆಡುವವನು ಗೆಲ್ಲುತ್ತಿರುವಾಗ ಎದ್ದುಹೋದರೆ ಜಾಣ. ಟೆಸ್ಟ್ ಮಾಡುವವನು ಹಾಗೆ ಎದ್ದುಹೋದರೆ ತನಗೆ ತಾನೇ ಮೋಸ ಮಾಡಿಕೊಂಡ ಹಾಗೆ. ಸ್ಟಾಕ್‌ಫಿಶ್ ಅನ್ನುವ ಹೆಸರಾಂತ ಚೆಸ್ ಎಂಜಿನ್‌ನ ಬಳಗದವರು 2013ರಿಂದ ಫಿಶ್‌ಟೆಸ್ಟ್ ಅನ್ನುವ ವ್ಯವಸ್ಥೆ ನಡೆಸುತ್ತಿದ್ದಾರೆ. ಸ್ವಯಂಸೇವಕರ ಕಂಪ್ಯೂಟರ್‌ಗಳಲ್ಲಿ ಒಂದೊಂದು ಬದಲಾವಣೆಗೆ ಹತ್ತಾರು ಸಾವಿರ ಆಟ ಆಗುತ್ತವೆ. ಅಲ್ಲಿ ಬರುವ ಐಡಿಯಾಗಳಲ್ಲಿ ಹೆಚ್ಚಿನವು ಫೇಲೇ ಆಗುವುದು. ನಿಮ್ಮ ಹದಿನೈದಕ್ಕೆ ಹದಿನೈದೂ ಪಾಸಾದಾಗಲೇ ಅನುಮಾನ ಬರಬೇಕಿತ್ತು.

ಈಗ ಆ ಹದಿನೈದನ್ನು ಏನು ಮಾಡುವುದು? ನಾಲ್ಕು ತಿಂಗಳ ಹಿಂದಿನ ಆವೃತ್ತಿಗೇ ವಾಪಸ್ ಹೋಗಿ. ಪರ್ಫ್ಟ್ ಮತ್ತು ಮೇಟ್ ತಪ್ಪುಗಳನ್ನು ಅಲ್ಲಿ ಸರಿಪಡಿಸಿ. ಆಮೇಲೆ ಬದಲಾವಣೆಗಳನ್ನು ಒಂದೊಂದಾಗಿ ಸೇರಿಸುತ್ತಾ ಎಸ್‌ಪಿಆರ್‌ಟಿಗೆ ಹಾಕಿ. ಮಧ್ಯದ ಆವೃತ್ತಿ ತೆಗೆದು, ಅರ್ಧ ಅರ್ಧ ಮಾಡುತ್ತಾ ತಪ್ಪಿತಸ್ಥನನ್ನು ಹುಡುಕುವ ದಾರಿಯೂ ಇದೆ. ಆದರೆ ಇಲ್ಲಿ ಕಳ್ಳ ಒಬ್ಬನೇ ಅಂತ ನನಗನ್ನಿಸುತ್ತಿಲ್ಲ, ಐದಾರು ಜನ ಚಿಲ್ಲರೆ ಕಳ್ಳರಿದ್ದಾರೆ. ಅದಕ್ಕೆ ಒಂದೊಂದೇ ನೋಡುವುದು ಮೇಲು. ವೇಗಕ್ಕಾಗಿ ಮಾತ್ರ ಮಾಡಿದ ಬದಲಾವಣೆಗಳಿಗೆ ಪಂದ್ಯಕ್ಕಿಂತ ಮೊದಲು ಇನ್ನೊಂದು ಪರೀಕ್ಷೆ ಇರಲಿ: ಐವತ್ತು ಸ್ಥಿತಿಗಳನ್ನು ನಿಗದಿತ ಆಳಕ್ಕೆ ಹುಡುಕಿಸಿ, ಒಟ್ಟು ನೋಡ್ (ಎಂಜಿನ್ ನೋಡಿದ ಸ್ಥಿತಿಗಳು) ಎಣಿಸಿ. ಬದಲಾವಣೆಗೆ ಮುಂಚೆಯೂ ಆಮೇಲೂ ಅದೇ ಸಂಖ್ಯೆ ಬರಬೇಕು. ಒಂದು ನೋಡ್ ವ್ಯತ್ಯಾಸ ಬಂದರೂ ನೀವು ಬದಲಾಯಿಸಿದ್ದು ವೇಗವನ್ನಷ್ಟೇ ಅಲ್ಲ.

ನಿಮ್ಮ ಪಟ್ಟಿಯಲ್ಲಿ ನಲ್ ಮೂವ್, ಲೇಟ್ ಮೂವ್ ರಿಡಕ್ಷನ್ (ನಡೆಗಳ ಪಟ್ಟಿಯ ಕೊನೆಗೆ ಬರುವವನ್ನು ಕಡಿಮೆ ಆಳಕ್ಕೆ ನೋಡುವುದು) ಕಾಣಲಿಲ್ಲ. ಕುದುರೆಯ ಅಂಚಿನ ಲೆಕ್ಕ ಆಮೇಲೆ ನೋಡಿಕೊಳ್ಳಿ, ಮೊದಲು ಇವನ್ನು ಹಾಕಿ. ಈ ಹಂತದ ಎಂಜಿನ್‌ಗೆ ಒಂದೊಂದೂ ಹತ್ತಾರು ಎಲೋ ಕೊಡುತ್ತದೆ, ಟೆಸ್ಟ್ ಕೂಡ ಬೇಗ ಮುಗಿಯುತ್ತದೆ. ನಲ್ ಮೂವ್ ಅಂದರೆ ‘ನಾನು ಒಂದು ಸರದಿ ಬಿಟ್ಟುಕೊಟ್ಟರೂ ಎದುರಾಳಿ ಪರಿಸ್ಥಿತಿ ಸುಧಾರಿಸಲ್ಲ, ಹಾಗಾದರೆ ಈ ಕೊಂಬೆ ಹೆಚ್ಚು ನೋಡುವುದು ಬೇಡ’ ಅನ್ನುವ ತರ್ಕ. ಬೋರ್ಡಿನಲ್ಲಿ ರಾಜ ಮತ್ತು ಕಾಲಾಳು ಮಾತ್ರ ಉಳಿದಾಗ ಅದನ್ನು ನಿಲ್ಲಿಸಿ. ಅಲ್ಲಿ ಸುಮ್ಮನಿರುವುದೇ ಲಾಭ, ಆಡಲೇಬೇಕಾಗಿ ಬಂದು ಸೋಲುವ ಸ್ಥಿತಿಗಳು ತುಂಬ ಇರುತ್ತವೆ.

ಒಂದು ಮಾತು: ಹಳೆಯ ಆವೃತ್ತಿಯ ಎದುರು ಬರುವ ಲಾಭ ಸ್ವಲ್ಪ ಉಬ್ಬಿರುತ್ತದೆ. ಮನೆಯಲ್ಲಿ ತಮ್ಮನನ್ನು ಸೋಲಿಸುವುದು ಸುಲಭ. ತಿಂಗಳಿಗೊಮ್ಮೆ ನಿಮ್ಮ ಮಟ್ಟದ ನಾಲ್ಕೈದು ಬೇರೆ ಎಂಜಿನ್‌ಗಳ ಜೊತೆಯೂ ಆಡಿಸಿ ನೋಡಿ.

ಕೊನೆಗೆ ನ್ಯೂರಲ್ ನೆಟ್‌ವರ್ಕ್. ಇದನ್ನು ಬೇಡ ಅನ್ನುವವನು ನಾನಲ್ಲ. ಯು ನಾಸು ಎಂಬವರು 2018ರಲ್ಲಿ ಜಪಾನಿನ ಶೋಗಿ ಆಟಕ್ಕೆ ಮಾಡಿದ ಎನ್‌ಎನ್‌ಯುಇ (ಸ್ಥಿತಿಗೆ ಅಂಕ ಕೊಡುವ ನ್ಯೂರಲ್ ನೆಟ್‌ವರ್ಕ್) 2020ರಲ್ಲಿ ಸ್ಟಾಕ್‌ಫಿಶ್ 12ಕ್ಕೆ ಬಂತು. ಈಗ ಹವ್ಯಾಸಿಗಳೂ ಅದನ್ನೇ ಬಳಸುತ್ತಾರೆ. 12 ಬಗೆಯ ಕಾಯಿ, 64 ಮನೆ, ಒಟ್ಟು 768 ಇನ್‌ಪುಟ್, ನಡುವೆ ಒಂದು ಪದರ, ಕೊನೆಗೆ ಒಂದು ಅಂಕ. ಇಷ್ಟು ಚಿಕ್ಕದೂ ಕೈಯಿಂದ ಬರೆದ ಮೌಲ್ಯಮಾಪನಕ್ಕಿಂತ ನೂರಾರು ಎಲೋ ಮೇಲೆ ಹೋಗುತ್ತದೆ. ಆದರೆ ಅದಕ್ಕೆ ಕಲಿಸಲು ಲಕ್ಷಗಟ್ಟಲೆ, ಕೋಟಿಗಟ್ಟಲೆ ಸ್ಥಿತಿ ಬೇಕು. ಅವು ನಿಮ್ಮ ಎಂಜಿನ್ ತನ್ನ ಜೊತೆ ತಾನೇ ಆಡಿದ ಆಟಗಳಿಂದ ಬಂದರೆ ಚೆಂದ. ಗೆದ್ದ ಆಟವನ್ನು ಡ್ರಾ ಮಾಡಿಕೊಳ್ಳುವ ಎಂಜಿನ್‌ನ ಆಟ ನೋಡಿ ಆ ನೆಟ್‌ವರ್ಕ್ ಕಲಿಯುವುದಾದರೂ ಏನನ್ನು? ಹ್ಯಾಶ್ ಟೇಬಲ್ ತಪ್ಪು ಅದು ಬಂದರೂ ಅಲ್ಲೇ ಇರುತ್ತದೆ. ಎರಡು ಮೂರು ತಿಂಗಳು ಸರ್ಚ್ ಗಟ್ಟಿ ಮಾಡಿಕೊಂಡು ಆಮೇಲೆ ಕೈಹಾಕಿ. ಸ್ಟಾಕ್‌ಫಿಶ್ ಕೋಡು ಓದಿ ಕಲಿಯಿರಿ, ಧಾರಾಳವಾಗಿ. ಎತ್ತಿ ಹಾಕಿಕೊಂಡರೆ ಮಾತ್ರ ಅದರ ಜಿಪಿಎಲ್ ಲೈಸೆನ್ಸ್ ನಿಮಗೂ ಅನ್ವಯಿಸುತ್ತದೆ, ಎಂಜಿನ್ ಹಂಚುವಾಗ ಕೋಡನ್ನೂ ಅದೇ ಲೈಸೆನ್ಸ್‌ನಲ್ಲಿ ಕೊಡಬೇಕಾಗುತ್ತದೆ.

ಇವತ್ತು ರಾತ್ರಿ 191 ಬರುತ್ತದಾ ನೋಡಿ, ಮೇಟ್‌ನ ಎರಡು ಸಾಲು ಹಾಕಿ, ಆ ತಿದ್ದುಪಡಿಯನ್ನೇ ಮೊದಲ ಎಸ್‌ಪಿಆರ್‌ಟಿಗೆ ಹಚ್ಚಿ ಮಲಗಿ. ಲ್ಯಾಪ್‌ಟಾಪ್ ಚಾರ್ಜರ್‌ಗೆ ಹಾಕಿರಲಿ, ಹಾಸಿಗೆ ಮೇಲೆ ಇಡಬೇಡಿ, ಬಿಸಿಯಾದರೆ ವೇಗ ಇಳಿಯುತ್ತದೆ. ಸ್ಲೀಪ್ ಮೋಡ್ ಆಫ್ ಮಾಡುವುದನ್ನೂ ಮರೆಯಬೇಡಿ. ಬೆಳಿಗ್ಗೆ ಎದ್ದು ನೋಡಿದಾಗ 37 ಆಟಕ್ಕೇ ನಿಂತುಹೋಗಿದ್ದ ಟೆಸ್ಟ್‌ಗಳನ್ನು ನಾನು ಸಾಕಷ್ಟು ಕಂಡಿದ್ದೇನೆ.